ಹಗ್ಗದ ಈಚೆ ಒಂದು ಕೌದಿ

"ಸ್ವಲ್ಪ ಮುಂದೆ ಬನ್ನಿ. ಹಗ್ಗ ದಾಟಬೇಡಿ. ಹಣೆ ತೋರಿಸಿ."

ಎರಡು ವರ್ಷದ ಮೇಲೆ ಅವನು ಅವಳೊಂದಿಗೆ ಆಡಿದ ಮೊದಲ ಮಾತು ಅದು.

ಲೊವೀನಿಯಾ ಜಗಲಿಯ ಮೆಟ್ಟಿಲ ಮೇಲೆ ಹಾಗೇ ನಿಂತಿದ್ದಳು. ಅಂಗಳದ ಸುತ್ತ ಮಾವಿನ ಮರದಿಂದ ಬೇಲಿಯ ಕಂಬಕ್ಕೆ, ಕಂಬದಿಂದ ಅಡುಗೆ ಚಪ್ಪರಕ್ಕೆ ಕೆಂಪು ಪ್ಲಾಸ್ಟಿಕ್ ಹಗ್ಗ ಕಟ್ಟಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ಹಗ್ಗದ ಆಚೆ ಸಿಯಾಫಾ ನಿಂತಿದ್ದ. ಮೊಣಕಾಲ ತನಕ ರಬ್ಬರ್ ಬೂಟು, ಕೈಗೆ ನೀಲಿ ಗ್ಲೌಸು. ಆ ಕೈಯಲ್ಲಿ ಪಿಸ್ತೂಲಿನಂಥ ಥರ್ಮಾಮೀಟರ್. ಅವನ ಹುಬ್ಬಿನ ಮೇಲೆ ಮಳೆಯ ಒಂದು ಹನಿ ಬೀಳಲೋ ಬೇಡವೋ ಎಂಬಂತೆ ನಿಂತಿತ್ತು.

"ಇಲ್ಲಿಗೆ ಕಳಿಸೋಕೆ ಬೇರೆ ಯಾರೂ ಸಿಗಲಿಲ್ವಾ?" ಎಂದಳು.

"ಶಾಲೆ ಮುಚ್ಚಿದೆಯಲ್ಲ. ಮೇಷ್ಟ್ರುಗಳಿಗೆಲ್ಲ ಈಗ ಹಣೆ ಎಣಿಸೋ ಕೆಲಸ."

ಅವಳು ಬಂದು ಹಣೆ ಮುಂದೆ ಮಾಡಿದಳು. ಅವನು ತೋಳನ್ನು ಆದಷ್ಟೂ ಉದ್ದಕ್ಕೆ ಚಾಚಿದ. ಯಂತ್ರ ಕೀಚ್ ಎಂದಿತು. ಆ ಕ್ಷಣ ಇಬ್ಬರೂ ಎಲ್ಲಿ ನೋಡಬೇಕೆಂದು ತಿಳಿಯದೆ ಒಬ್ಬರ ಕಣ್ಣನ್ನೊಬ್ಬರು ನೋಡಿಬಿಟ್ಟರು.

"ಮೂವತ್ತಾರು ಪಾಯಿಂಟ್ ಆರು. ತಲೆನೋವು? ವಾಂತಿ? ಮೈಕೈ ನೋವು?"

"ಇಲ್ಲ. ಇಲ್ಲ. ಇಲ್ಲ."

"ಬೆಳಿಗ್ಗೆ ಸಾಯಂಕಾಲ ಎರಡು ಹೊತ್ತೂ ಬಂದು ನಿಮ್ಮದೂ ಅಜ್ಜಿಯದೂ ನೋಡ್ತೀನಿ. ಎಸ್ತೆಲಾ ಇಲ್ಲಿಂದ ಹೋದ ದಿನದಿಂದ ಇಪ್ಪತ್ತೊಂದು ದಿನ. ಇವತ್ತು ಐದನೇದು." ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ತಲೆಯೆತ್ತದೆ ಹೇಳಿದ. "ಹೆದರಬೇಡಿ."

ಹೆದರಬೇಡಿ ಎಂದ ಅವನ ಕೈಯಲ್ಲಿ ನೋಟ್‌ಬುಕ್ ತಲೆಕೆಳಗಾಗಿದ್ದುದನ್ನು ಲೊವೀನಿಯಾ ನೋಡಿದಳು.

ಎಸ್ತೆಲಾ ಅವಳ ದೊಡ್ಡಪ್ಪನ ಮಗಳು. ಹಿಂದಿನ ಶುಕ್ರವಾರ ರಾಜಧಾನಿ ಮನ್ರೋವಿಯಾದಿಂದ ಬಂದಿದ್ದಳು. ಎರಡು ರಾತ್ರಿ ಇದ್ದಳು, ಅಜ್ಜಿ ಮಾಡಿದ ಮರಗೆಣಸಿನ ಸೊಪ್ಪಿನ ಸಾರನ್ನು ಎರಡೆರಡು ಸಲ ಬಡಿಸಿಕೊಂಡಳು. ಭಾನುವಾರ ಬೆಳಿಗ್ಗೆ ಮೈ ಬಿಸಿ ಎಂದಳು. ಮಲೇರಿಯಾ ಎಂದುಕೊಂಡರು. ಲೊವೀನಿಯಾಳೇ ಅವಳ ತಲೆ ಬಾಚಿ ಜಡೆ ಹೆಣೆದು ಬಸ್ಸು ಹತ್ತಿಸಿದ್ದಳು. ಬುಧವಾರ ಎಸ್ತೆಲಾ ತೀರಿಕೊಂಡ ಸುದ್ದಿ ಬಂತು. ಎಬೋಲಾ ಎಂದರು.

ಈ ಶುಕ್ರವಾರ, ಹಗ್ಗ ಕಟ್ಟುವ ಮೊದಲು, ಬಿಳಿ ಪ್ಲಾಸ್ಟಿಕ್ ಉಡುಪಿನವರು ಬಂದು ಅವಳು ಮಲಗಿದ್ದ ಚಾಪೆ, ಹೊದಿಕೆ, ದಿಂಬು ಎಲ್ಲವನ್ನೂ ಹಿತ್ತಲಲ್ಲಿ ಸುಟ್ಟರು. ಮನೆಗೆಲ್ಲ ಕ್ಲೋರಿನ್ ಚಿಮುಕಿಸಿದರು. "ಅವಳದು ಇನ್ನೇನಾದರೂ ಉಳಿದಿದೆಯಾ?" ಎಂದು ಕೇಳಿದಾಗ ಅಜ್ಜಿ ಕೆತುರಾ ತಲೆಯಲ್ಲಾಡಿಸಿದಳು.

"ಅವಳದು ಇನ್ನೇನೂ ಇಲ್ಲಪ್ಪ."

ಶಿಲೋ ಹಿಲ್ ಊರಿನಲ್ಲಿ ಕೆತುರಾಳನ್ನು ಎಲ್ಲರೂ ಓಲ್ಮಾ, ಹಿರಿಯಮ್ಮ, ಎನ್ನುತ್ತಿದ್ದರು. ಓಲ್ಮಾ ಸುಳ್ಳು ಹೇಳುವವಳಲ್ಲ. ಅವರು ನಂಬಿ ಹೋದರು.

*

ಎರಡನೇ ದಿನಕ್ಕೇ ಮನೆ ಉಸಿರು ಕಟ್ಟಿಸತೊಡಗಿತು. ಸಂತೆ ಇಲ್ಲ, ಚರ್ಚಿಲ್ಲ, ಹೊಳೆಯ ಕಡೆ ಹೋಗುವ ಹಾಗಿಲ್ಲ. ಅಕ್ಕಿ, ಪಾಮ್ ಎಣ್ಣೆ, ಉಪ್ಪು ಎಲ್ಲವನ್ನೂ ಸಿಯಾಫಾ ತಂದು ಹಗ್ಗದ ಪಕ್ಕದ ಮರದ ಕೊರಡಿನ ಮೇಲೆ ಇಟ್ಟು ಹತ್ತು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಲೊವೀನಿಯಾ ಗಂಟೆಗೊಮ್ಮೆ ತನ್ನ ಕುತ್ತಿಗೆ ಮುಟ್ಟಿಕೊಳ್ಳುತ್ತಿದ್ದಳು. ಬಿಸಿಯಾ? ಒಲೆಯ ಮುಂದೆ ಕೂತಿದ್ದಕ್ಕಾ? ಆಮೇಲೆ ಅಜ್ಜಿಯ ಕುತ್ತಿಗೆ ಮುಟ್ಟುತ್ತಿದ್ದಳು.

"ನನ್ನ ಕುತ್ತಿಗೆ ಏನು ಮಾವಿನಹಣ್ಣಾ, ಹಿಸುಕಿ ಹಿಸುಕಿ ನೋಡೋಕೆ?" ಅಜ್ಜಿ ಅವಳ ಕೈ ತಳ್ಳಿದಳು. "ಬೀರುವಿನ ಮೇಲಿನ ಬುಟ್ಟಿ ಇಳಿಸು. ಕೈಗೆ ಕೆಲಸ ಬೇಕು ನಿನಗೆ. ಕೌದಿ ಹೊಲಿಯೋಣ."

"ದಾರ ಎಲ್ಲಿದೆ ಓಲ್ಮಾ? ಅಂಗಡಿ ಮುಚ್ಚಿದೆ."

"ಅಂಗಡಿಯಿಂದ ತಂದು ಹೊಲಿದಿದ್ದು ಯಾವಾಗ ನಾನು?"

ಅದು ನಿಜ. ಈ ಮನೆಯ ಕೌದಿಗೆ ಹೊರಗಿನ ಒಂದು ಎಳೆಯೂ ಸೇರಿದ್ದಿಲ್ಲ. ಸೊಂಟಕ್ಕೆ ಸುತ್ತಿ ಸುತ್ತಿ ಸವೆದ ಲಾಪಾ, ತಾತನ ಪ್ಯಾಂಟು, ಹರಿದ ಪರದೆ, ಮಕ್ಕಳ ಅಂಗಿ, ಮನೆಯಲ್ಲಿ ಯಾರಾದರೂ ಉಟ್ಟು ತೊಟ್ಟಿದ್ದೆಲ್ಲ ಆ ಬುಟ್ಟಿಗೆ. ದಾರಕ್ಕೆ ಅಕ್ಕಿ ಮೂಟೆಯ ಬಾಯಿ ಹೊಲಿದ ನೂಲು. ಒಂದು ತುದಿ ಹುಡುಕಿ ಎಳೆದರೆ ಸರ್ರನೆ ಅಷ್ಟುದ್ದಕ್ಕೂ ಬಿಚ್ಚಿಬರುತ್ತದೆ. ಒಳಗೆ ತುಂಬಲು ಹಳೆಯ ಕಂಬಳಿ. ಇದ್ದುದು ಒಂದೇ ಸೂಜಿ, ಅದರ ತುದಿಯೂ ಸ್ವಲ್ಪ ಬಾಗಿತ್ತು. ಓಲ್ಮಾಗೆ ಕಣ್ಣು ಮಂಜು. ಆದ್ದರಿಂದ ಲೊವೀನಿಯಾ ದಾರ ಪೋಣಿಸಿಕೊಟ್ಟರೆ ಅವಳು ಬೆರಳಿನಲ್ಲೇ ಅಂಚು ಹುಡುಕಿ ಹೊಲಿಯುತ್ತಿದ್ದಳು. ಅವಳಿಗೆ ಕೈಸೋತಾಗ ಇವಳು.

ಜಗಲಿಯಲ್ಲಿ ಇಬ್ಬರೂ ಎದುರುಬದುರು ಕೂತು ಮಂಡಿಗಳ ಮೇಲೆ ಕೌದಿ ಹರಡಿಕೊಂಡರೆ, ಅದೊಂದು ಸಣ್ಣ ಗುಡಾರದಂತೆ ಕಾಣುತ್ತಿತ್ತು. ಹೊಲಿಯುವಾಗ ಕುತ್ತಿಗೆ ಮುಟ್ಟಿಕೊಳ್ಳುವುದು ಮರೆತುಹೋಗುತ್ತಿತ್ತು. ಸೂಜಿ ಕೆಳಗಿಟ್ಟ ಕೂಡಲೇ ಮತ್ತೆ ನೆನಪಾಗುತ್ತಿತ್ತು.

"ಯಾರ ಮದುವೆಗೆ ಅದು?" ಹಗ್ಗದ ಆಚೆಯಿಂದ ಸಿಯಾಫಾ ಕೇಳಿದ. ಅವನು ಈಗೀಗ ಹಣೆ ನೋಡಿಯಾದ ಮೇಲೂ ಹೋಗದೆ, ಬೂಟಿನ ಕೆಸರನ್ನು ಬೇಲಿಗೆ ಒರೆಸುತ್ತ ನಿಲ್ಲುತ್ತಿದ್ದ. ಎಷ್ಟು ಕೆಸರು ಇರಲು ಸಾಧ್ಯ?

"ಇಲ್ಲಿ ಮದುವೆ ಆಗೋರು ಯಾರಿದ್ದಾರೆ ಮೇಷ್ಟ್ರೇ?" ಲೊವೀನಿಯಾ ಸೂಜಿ ನಿಲ್ಲಿಸದೆ ಹೇಳಿದಳು. "ಕೇಳೋಕೆ ಬಂದೋರು ಒಂದ್ಸಲ ಬಂದು ಆಮೇಲೆ ಪತ್ತೆಯೇ ಇಲ್ಲ."

"ಪತ್ತೆ ಇಲ್ಲ ಅಂದ್ರೆ? ಕೋಲಾ ಬೀಜ ವಾಪಸ್ ಕಳಿಸಿದ ಮೇಲೂ ಬರಬೇಕಿತ್ತಾ?"

ಸೂಜಿ ನಿಂತಿತು.

"ಯಾವ ಕೋಲಾ ಬೀಜ?"

"ಹೆಣ್ಣು ಕೇಳೋಕೆ ಅಂತ ನಮ್ಮ ಚಿಕ್ಕಪ್ಪ ತಂದಿದ್ರಲ್ಲ, ಬಿಳಿ ಬಟ್ಟೇಲಿ ಕಟ್ಟಿ. ಮರುದಿನವೇ ವಾಪಸ್ ಬಂತು. ಹುಡುಗಿಗೆ ಒಪ್ಪಿಗೆ ಇಲ್ಲ ಅಂತ."

ಲೊವೀನಿಯಾ ನಿಧಾನವಾಗಿ ತಲೆ ತಿರುಗಿಸಿದಳು. ಓಲ್ಮಾ ಕೌದಿಯ ಇನ್ನೊಂದು ಅಂಚನ್ನು ತುಂಬ ಶ್ರದ್ಧೆಯಿಂದ ತಡವುತ್ತಿದ್ದಳು.

"ಓಲ್ಮಾ."

"ಏನು?"

"ನನಗೆ ಒಪ್ಪಿಗೆ ಇಲ್ಲ ಅಂತ ನಾನು ಯಾವಾಗ ಹೇಳಿದೆ?"

"ಅವರು ಹೊಳೆ ಆಚೆಯ ಗೋಲಾ ಜನ. ನಮ್ಮ ಮನೆ ಬೇರೆ, ಅವರ ಮನೆ ಬೇರೆ." ಓಲ್ಮಾ ತಲೆಯೆತ್ತಲಿಲ್ಲ. "ನಮ್ಮ ಬುಟ್ಟಿಗೆ ಹೊರಗಿನ ಬಟ್ಟೆ ಹಾಕಿ ಅಭ್ಯಾಸ ಇಲ್ಲ ನನಗೆ."

ತಗಡಿನ ಸೂರಿನಿಂದ ನೀರು ಡ್ರಮ್ಮಿಗೆ ತೊಟ್ಟಿಕ್ಕುತ್ತಿತ್ತು. ಲೊವೀನಿಯಾಳ ಕಿವಿ ಬಿಸಿಯಾಯಿತು. ಎರಡು ವರ್ಷ ಅವಳು ಅವನನ್ನು ಮನಸ್ಸಿನಲ್ಲೇ ಬೈದಿದ್ದಳು. ಚರ್ಚಿನ ದಾರಿಯಲ್ಲಿ ಎದುರಾದರೆ ಛತ್ರಿ ಅಡ್ಡ ಹಿಡಿದಿದ್ದಳು. ಅವನೂ ಹಾಗೇ ಏನನ್ನೋ ಅಡ್ಡ ಹಿಡಿದಿದ್ದ.

"ಹಾಗಾದ್ರೆ," ಸಿಯಾಫಾ ಮೆಲ್ಲಗೆ ಹೇಳಿದ, ತುಟಿಯ ಒಂದು ಮೂಲೆ ಮಾತ್ರ ನಗುತ್ತಿತ್ತು, "ಹುಡುಗಿಯನ್ನ ಯಾರೂ ಕೇಳೇ ಇಲ್ಲ."

"ಇಲ್ಲ."

"ಇಪ್ಪತ್ತೊಂದನೇ ದಿನ ಕೇಳ್ತೀನಿ. ಹಗ್ಗ ಬಿಚ್ಚಿದ ಕೂಡಲೇ ಮೊದಲು ಕೈ ಕುಲುಕೋದು, ಆಮೇಲೆ ಕೇಳೋದು."

ಕೈ ಕುಲುಕುವುದು! ಊರಿನಲ್ಲಿ ಆ ಸದ್ದು ಕೇಳಿ ಎಷ್ಟು ದಿನವಾಗಿತ್ತು. ಕೈ ಕುಲುಕಿ ಬಿಡುವಾಗ ಇಬ್ಬರ ನಡುಬೆರಳೂ ಒಂದಕ್ಕೊಂದು ಸಿಕ್ಕಿ ಚಟ್ ಎನ್ನಬೇಕು. ಆ ಚಟ್ ಇಲ್ಲದಿದ್ದರೆ ಅದು ಕೈ ಕುಲುಕಿದ ಹಾಗೇ ಅಲ್ಲ. ಈಗ ಎಲ್ಲರೂ ಮೊಣಕೈಗೆ ಮೊಣಕೈ ತಾಗಿಸಿ, ಅದಕ್ಕೂ ಹೆದರಿ, ಕೈ ಜೇಬಿಗೆ ಹಾಕಿಕೊಂಡು ಓಡಾಡುತ್ತಿದ್ದರು.

"ಚಟ್ ಅನ್ನಿಸೋಕೆ ಬರುತ್ತಾ ನಿಮಗೆ? ಚಾಕ್‌ಪೀಸ್ ಹಿಡಿದೂ ಹಿಡಿದೂ ಬೆರಳು ಮೊಂಡಾಗಿರುತ್ತೆ."

"ನೋಡ್ತಾ ಇರಿ" ಎಂದು ಅವನು ಗ್ಲೌಸಿನ ಕೈಯಲ್ಲೇ ಗಾಳಿಯಲ್ಲಿ ಬೆರಳು ಮಿಡಿದ. ರಬ್ಬರು ಪಿಸ್ ಎಂದಿತು. ಅವಳಿಗೆ ಐದು ದಿನದಲ್ಲಿ ಮೊದಲ ಸಲ ನಗು ಬಂತು.

*

ಇಪ್ಪತ್ತನೇ ದಿನ ಮಧ್ಯಾಹ್ನ ಕೌದಿಯ ಕೊನೆಯ ಹೊಲಿಗೆ ಮುಗಿಯಿತು. ಬಿಸಿಲು ಬಂದಿತ್ತು. ಲೊವೀನಿಯಾ ಅದನ್ನು ತಂತಿಯ ಮೇಲೆ ಹರವಿ, ಎರಡು ಹೆಜ್ಜೆ ಹಿಂದೆ ಬಂದು ನೋಡಿದಳು. ತಾತನ ಪ್ಯಾಂಟಿನ ಕಂದು, ಅಮ್ಮನ ಭಾನುವಾರದ ಉಡುಪಿನ ಬಿಳಿ, ತನ್ನದೇ ಶಾಲೆಯ ಲಂಗದ ನೀಲಿ. ನಡುವೆ, ಮಂಡಿಯ ಮೇಲೆ ಸುಕ್ಕಾಗಿದ್ದಾಗ ಗಮನಿಸದೇ ಇದ್ದ, ಗೇಣಗಲದ ಒಂದು ಪಟ್ಟಿ. ಹಳದಿ ನೆಲ, ಅದರ ಮೇಲೆ ಸಣ್ಣ ಸಣ್ಣ ಹಸಿರು ಛತ್ರಿಗಳು.

ಅವಳು ಹತ್ತಿರ ಹೋಗಿ ಬಗ್ಗಿ ನೋಡಿದಳು.

ಆ ಛತ್ರಿಗಳನ್ನು ಅವಳು ನೋಡಿದ್ದಳು. ಬಸ್ಸಿನ ಮೆಟ್ಟಿಲು ಹತ್ತುವಾಗ ಎಸ್ತೆಲಾ ಉಟ್ಟಿದ್ದ ಲಾಪಾ ಅದು. ಅಂಚು ಹರಿದಂತಿದೆಯಲ್ಲ ಎಂದು ಆವತ್ತು ಅನ್ನಿಸಿತ್ತು ಕೂಡ.

"ಓಲ್ಮಾ, ಈ ಹಳದಿ ಎಲ್ಲಿಂದ ಬಂತು?"

"ಬುಟ್ಟಿಯಿಂದ."

"ಬುಟ್ಟಿಗೆ ಎಲ್ಲಿಂದ ಬಂತು?"

ಓಲ್ಮಾ ಅರ್ಥವಾಗದವಳಂತೆ ಮುಖವೆತ್ತಿದಳು. "ಎಸ್ತೆಲಾ ಕೊಟ್ಟಳು. ಮನೆಮಕ್ಕಳು ಬಂದು ಮಲಗಿ ಹೋಗೋವಾಗ ಒಂದು ತುಂಡು ಕೊಟ್ಟೇ ಹೋಗ್ಬೇಕಲ್ಲ. ನೀನು ನೀರಿಗೆ ಹೋಗಿದ್ದೆ. ಪಾಪ, ಜ್ವರದಲ್ಲೂ ಮರೀಲಿಲ್ಲ ಮಗು. ಉಟ್ಟಿದ್ದನ್ನೇ ಹರಿದು ಕೈಗಿಟ್ಟಳು."

"ಅವಳದು ಇನ್ನೇನೂ ಇಲ್ಲ ಅಂದ್ಯಲ್ಲ ನೀನು!"

"ಅವಳದು ಹೇಗಾಗುತ್ತೆ? ಬುಟ್ಟಿಗೆ ಬಿದ್ದ ಮೇಲೆ ಅದು ಮನೇದು."

ಓಲ್ಮಾ ಸುಳ್ಳು ಹೇಳಿರಲಿಲ್ಲ. ಅವಳ ಲೆಕ್ಕದಲ್ಲಿ ಅದು ಸತ್ಯವೇ. ನಲವತ್ತು ವರ್ಷದಿಂದ ಆ ಬುಟ್ಟಿಗೆ ಬಿದ್ದ ಯಾವ ತುಂಡೂ ಯಾರದೂ ಆಗಿ ಉಳಿದಿರಲಿಲ್ಲ.

ಲೊವೀನಿಯಾ ತನ್ನ ಎರಡೂ ಕೈಗಳನ್ನು ದೇಹದಿಂದ ದೂರ ಹಿಡಿದು ನಿಂತಳು. ಎರಡು ವಾರ ಈ ಕೈ ಆ ಛತ್ರಿಗಳ ಮೇಲೆ ಓಡಾಡಿತ್ತು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಪೋಣಿಸಿದ್ದಳು. ಓಡಿಹೋಗಿ ಬಕೆಟ್ಟಿನ ಕ್ಲೋರಿನ್ ನೀರಿನಲ್ಲಿ ಕೈ ಅದ್ದಿದಳು. ಬೆರಳ ಸಂದಿಯೆಲ್ಲ ಉರಿಯುವ ತನಕ ತಿಕ್ಕಿದಳು.

"ಹೇಳಿದ್ರೆ ಸುಡ್ತಾರೆ" ಓಲ್ಮಾ ಹಿಂದೆ ಬಂದು ನಿಂತಿದ್ದಳು. ಧ್ವನಿ ಚಿಕ್ಕದಾಗಿತ್ತು. "ಮತ್ತೆ ಹಗ್ಗ ಕಟ್ತಾರೆ. ನಾವು ಚೆನ್ನಾಗೇ ಇದ್ದೀವಲ್ಲ ವೀನಿ? ನಾಳೆ ಬಿಚ್ತಾರೆ. ನಾಳೆ ಆ ಹುಡುಗ ಕೇಳ್ತಾನೆ. ನಾನು ಈ ಸಲ ಏನೂ ಅನ್ನಲ್ಲ, ಆಣೆ."

ಸಂಜೆ ಸಿಯಾಫಾ ಬಂದಾಗ ಅವಳು ಹಣೆ ಮಾತ್ರ ತೋರಿಸಿದಳು. "ಮೂವತ್ತಾರು ಪಾಯಿಂಟ್ ಐದು. ನಾಳೆ!" ಎಂದು ಅವನು ಕಣ್ಣರಳಿಸಿದ. ಅವಳ ಬಾಯಿಯ ತನಕ ಬಂದ ಮಾತು ಅವನ ಆ ಮುಖ ನೋಡಿ ಹಿಂದಕ್ಕೆ ಹೋಯಿತು. ಅವನ ಬೆನ್ನು ಮಾವಿನ ಮರದ ತಿರುವಿನಲ್ಲಿ ಮರೆಯಾದ ಮೇಲೆ ಅವಳು ತನ್ನನ್ನೇ ಬೈದುಕೊಂಡಳು.

*

ಬೆಳಿಗ್ಗೆ ಅಂಗಳದ ಆಚೆ ಅರ್ಧ ಊರು ಸೇರಿತ್ತು. ಪಾಸ್ಟರ್ ಬಂದಿದ್ದರು. ಯಾರೋ ಶುಂಠಿ ಪಾನಕ ತಂದಿದ್ದರು, ಯಾರೋ ಮಣಿ ಕಟ್ಟಿದ ಸಾಸಾ ಸೋರೆಬುರುಡೆಯನ್ನು ತಾಳಕ್ಕೆ ಅಲ್ಲಾಡಿಸುತ್ತಿದ್ದರು. ಸಿಯಾಫಾ ಇವತ್ತು ಬೂಟು ಹಾಕಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಜೇಬಿನ ಮೂಲೆಯಲ್ಲಿ ಮಾತ್ರ, ಎಷ್ಟು ಒಗೆದರೂ ಹೋಗದ ಕೆಂಪು ಇಂಕಿನ ಕಲೆ.

ಹಣೆ ನೋಡಿದ. "ಮೂವತ್ತಾರು ಪಾಯಿಂಟ್ ಆರು!" ಎಂದು ಕೂಗಿ ಹೇಳಿದ. ಜನ ಹೋ ಎಂದರು. ಅವನು ನೀಲಿ ಗ್ಲೌಸು ಕಳಚಿದ. ಹದಿನಾರು ದಿನದಲ್ಲಿ ಅವಳು ಅವನ ಬರಿಗೈ ನೋಡಿದ್ದು ಅದೇ ಮೊದಲು. ಉದ್ದ ಬೆರಳು, ಉಗುರು ನೀಟಾಗಿ ಕತ್ತರಿಸಿತ್ತು. ಹಗ್ಗದ ಗಂಟು ಬಿಚ್ಚಲು ಒಂದು ಕೈ ಹೋಯಿತು. ಇನ್ನೊಂದು ಕೈ ಅವಳ ಕಡೆ ಚಾಚಿತು.

ಲೊವೀನಿಯಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

ಸಾಸಾ ಬುರುಡೆ ನಿಂತಿತು. ಅವನ ಕೈ ಗಾಳಿಯಲ್ಲೇ ಉಳಿಯಿತು. ಮುಖದ ಮೇಲಿನ ನಗು ಎಲ್ಲಿಗೆ ಹೋಗುವುದೆಂದು ತಿಳಿಯದೆ ಒಂದಷ್ಟು ಹೊತ್ತು ಅಲ್ಲೇ ನಿಂತು, ಆಮೇಲೆ ಮೆಲ್ಲನೆ ಇಳಿಯಿತು.

"ಸರಿ" ಎಂದ, ತನ್ನಷ್ಟಕ್ಕೇ. "ಈ ಸಲ ಹುಡುಗಿಯೇ ಹೇಳಿದ ಹಾಗಾಯ್ತು."

"ಅದಲ್ಲ! ಸಿಯಾಫಾ, ಹಗ್ಗ ಬಿಚ್ಚಬೇಡ." ಹೆಸರು ಹಿಡಿದು, ಏಕವಚನದಲ್ಲಿ ಅವಳು ಅವನನ್ನು ಕರೆದದ್ದು ಅದೇ ಮೊದಲು. "ಎಸ್ತೆಲಾ ಉಟ್ಟಿದ್ದ ಬಟ್ಟೆ ಕೌದಿಯಲ್ಲಿದೆ. ನಮಗೆ ಗೊತ್ತಿರಲಿಲ್ಲ. ನಾನು ನಿನ್ನೆ ತನಕ ಮುಟ್ಟಿದ್ದೀನಿ. ನಿನ್ನೆ ಸಂಜೆಯೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ನಿನ್ನ ಕೈ ಹಿಡಿಯೋಕೆ ಆಗಲ್ಲ ನನಗೆ. ಗೊತ್ತಿದ್ದೂ ಹಿಡಿಯೋಕೆ ಆಗಲ್ಲ."

ಜನ ಒಬ್ಬೊಬ್ಬರಾಗಿ ಹಿಂದೆ ಸರಿದರು. ಶುಂಠಿ ಪಾನಕದ ಪಾತ್ರೆ ಸದ್ದಿಲ್ಲದೆ ಮಾಯವಾಯಿತು. ಸಿಯಾಫಾ ಮಾತ್ರ ಇದ್ದಲ್ಲೇ ಇದ್ದ. ಅವನು ಅರ್ಧ ಬಿಚ್ಚಿದ್ದ ಗಂಟನ್ನು ಮತ್ತೆ ಬಿಗಿಯಾಗಿ ಕಟ್ಟಿದ. ನೋಟ್‌ಬುಕ್ ತೆಗೆದ.

"ಕೊನೆಯ ಸಲ ಮುಟ್ಟಿದ್ದು ನಿನ್ನೆ ಮಧ್ಯಾಹ್ನವಾ?"

"ಹೌದು."

"ಹಾಗಾದ್ರೆ ಇವತ್ತು ಒಂದನೇ ದಿನ." ನೋಟ್‌ಬುಕ್ ಈ ಸಲ ನೆಟ್ಟಗಿತ್ತು. ಬರೆದು ಮುಗಿಸಿ ತಲೆಯೆತ್ತಿದ. ಕಣ್ಣು ತುಂಬಿತ್ತು, ಆದರೆ ತುಟಿಯ ಆ ಒಂದು ಮೂಲೆ ಮತ್ತೆ ನಗುತ್ತಿತ್ತು. "ತಲೆನೋವು? ವಾಂತಿ? ಮೈಕೈ ನೋವು?"

*

ಬಿಳಿ ಉಡುಪಿನವರು ಕೌದಿಯನ್ನು ಸುಟ್ಟರು. ಯಾವ ತುಂಡಿಗೆ ಯಾವುದು ತಾಗಿದೆಯೋ ಎಂದು ಬುಟ್ಟಿಯನ್ನೂ ಸುಟ್ಟರು. ಓಲ್ಮಾ ಕಿಟಕಿಯಲ್ಲಿ ಕೂತು ಹೊಗೆಯನ್ನು ನೋಡಿದಳು. ಅವಳ ಮಂಜುಗಣ್ಣಿಗೆ ಏನು ಕಂಡಿತೋ, ಎರಡು ದಿನ ಲೊವೀನಿಯಾಳೊಂದಿಗೆ ಮಾತಾಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ಕತ್ತರಿಯ ಸದ್ದಿಗೆ ಲೊವೀನಿಯಾ ಎದ್ದು ಬಂದು ನೋಡಿದರೆ, ಓಲ್ಮಾ ನೆಲದ ಮೇಲೆ ಕೂತು ತನ್ನ ನೇರಳೆ ಬಣ್ಣದ ಗಾಯನವೃಂದದ ನಿಲುವಂಗಿಯನ್ನು ಕತ್ತರಿಸುತ್ತಿದ್ದಳು.

"ಓಲ್ಮಾ! ಅದು ನಿನ್ನ ಚರ್ಚಿನದು!"

"ಕಂಠ ಹೋಗಿ ಎಷ್ಟು ವರ್ಷ ಆಯ್ತು. ನಿಲುವಂಗಿ ಇಟ್ಕೊಂಡು ಏನು ಮಾಡ್ಲಿ?" ತುಂಡನ್ನು ಕ್ಲೋರಿನ್ ಬಕೆಟ್ಟಿಗೆ ಹಾಕಿದಳು. "ಇದನ್ನ ಒಗೆದು ಒಣಗಿಸು. ಕಿಟಕಿಯ ಪರದೆ ತೆಗಿ. ನಿನ್ನ ಸೂಜಿ ಎಲ್ಲಿ?"

ಎರಡನೇ ಕೌದಿ ಹಾಗೆ ಶುರುವಾಯಿತು.

ಒಂಬತ್ತನೇ ದಿನ ಬೆಳಿಗ್ಗೆ ಯಂತ್ರ ಕೀಚ್ ಎಂದಿತು. ಸಿಯಾಫಾ ಅಂಕಿ ಹೇಳಲಿಲ್ಲ.

"ಎಷ್ಟು?" ಎಂದಳು.

ಅವನು ಯಂತ್ರವನ್ನು ಅಂಗಿಗೆ ಒರೆಸಿ ಮತ್ತೆ ಹಿಡಿದ. ಕೀಚ್.

"ಎಷ್ಟು ಸಿಯಾಫಾ?"

"ಮೂವತ್ತೇಳು ಪಾಯಿಂಟ್ ಒಂಬತ್ತು." ಮೂವತ್ತೆಂಟು ಎಂದರೆ ಆಂಬ್ಯುಲೆನ್ಸ್. ಅದು ಇಬ್ಬರಿಗೂ ಗೊತ್ತಿತ್ತು. "ಒಲೆ ಮುಂದೆ ಇದ್ಯಾ?"

"ಎಣ್ಣೇಲಿ ಕಾಲಾ ಹಿಟ್ಟುಂಡೆ ಕರೀತಿದ್ದೆ, ಓಲ್ಮಾಗೆ ಅಂತ."

"ಹಾಗಾದ್ರೆ ಅದೇ. ನೆರಳಿಗೆ ಕೂತ್ಕೋ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡ್ಬೇಕು ಅಂತ ರೂಲ್ಸಿದೆ."

ಅವಳು ಮಾವಿನ ಮರದ ಬುಡದಲ್ಲಿ ಕೂತಳು. ಅವನು ಹಗ್ಗದ ಆಚೆ ಕೆಸರಿನಲ್ಲೇ ಕುಕ್ಕುರುಗಾಲಲ್ಲಿ ಕೂತ. ನಡುವೆ ಮೂರು ಗಜ. ಎಲೆಯಿಂದ ಎಲೆಗೆ ಒಂದು ಇರುವೆ ಸಾಲು ಹಗ್ಗದ ಮೇಲೆ ಹಾಯಾಗಿ ದಾಟುತ್ತಿತ್ತು.

"ಸಿಯಾಫಾ, ಜಾಸ್ತಿ ಬಂದ್ರೆ ನೀನು ಆಂಬ್ಯುಲೆನ್ಸ್ ಹಿಂದೆ ಬರಬಾರದು. ಓಲ್ಮಾ ಹತ್ರ ಇರು. ಅವಳಿಗೆ ದಾರ ಪೋಣಿಸೋಕೆ ಬರಲ್ಲ."

"ಸುಮ್ನಿರು."

"ಹೇಳೋದು ಕೇಳು."

"ನೀನು ಕೇಳು." ಅವನು ವಾಚು ನೋಡಿಕೊಂಡ. ಎಂಟು ನಿಮಿಷವಷ್ಟೇ ಆಗಿತ್ತು. "ಈ ಮನೆ ನನ್ನ ಪಾಲಿಗೆ ತಾನಾಗೇ ಬಂದಿದ್ದಲ್ಲ. ಪಟ್ಟಿಯಲ್ಲಿ ನಿನ್ನ ಹೆಸರು ನೋಡಿ ನಾನೇ ಕೇಳಿ ತಗೊಂಡೆ. ಬೇರೆ ಯಾರೋ ಬಂದು ನಿನ್ನ ಹಣೆ ನೋಡಿ ಚೆನ್ನಾಗಿದ್ದಾಳೆ ಅಂದಿದ್ರೆ ನಂಗೆ ನಂಬಿಕೆ ಬರ್ತಿರಲಿಲ್ಲ. ನಾನೇ ನೋಡ್ಬೇಕಿತ್ತು. ಈ ಎರಡು ವರ್ಷ ನಿನ್ನ ಛತ್ರಿ ನೋಡಿಯೇ ನೀನು ಯಾವ ಕಡೆ ಹೋದೆ ಅಂತ ತಿಳ್ಕೋತಿದ್ದೆ. ಇಪ್ಪತ್ತೊಂದನೇ ದಿನ ಕೇಳ್ತೀನಿ ಅಂದಿದ್ದೆ. ಈಗಲೇ ಕೇಳ್ತಿದ್ದೀನಿ. ನನ್ನ ಮದುವೆ ಆಗ್ತೀಯಾ?"

"ಜ್ವರ ಇರೋಳನ್ನ ಕೇಳ್ತೀಯಲ್ಲ!"

"ಜ್ವರ ಇಲ್ಲ ನಿಂಗೆ. ಒಲೆ ಬಿಸಿ."

ಅವಳು ಮುಖ ತಿರುಗಿಸಿ ಮರದ ತೊಗಟೆಗೆ ಕೆನ್ನೆ ಒತ್ತಿದಳು. ತಣ್ಣಗಿತ್ತು. ಹೂಂ ಎಂದರೆ ಅವನಿಗೆ ನಾಳೆ ಎಷ್ಟು ನೋವಾದೀತು? ಅನ್ನದೆ ಹೋದರೆ? ಒಂದು ಇರುವೆ ಹಗ್ಗದ ನಡುವೆ ನಿಂತು ಹಿಂದಕ್ಕೆ ತಿರುಗಿ, ಮತ್ತೆ ಮುಂದಕ್ಕೆ ಹೊರಟಿತು.

"ಮೊದಲು ಹಣೆ ನೋಡು" ಎಂದಳು.

ಅರ್ಧ ಗಂಟೆಯಾದ ಮೇಲೆ ಅವಳು ಎದ್ದು ಬಂದಳು. ಕಣ್ಣು ಮುಚ್ಚಿಕೊಂಡು ಹಣೆ ಮುಂದೆ ಮಾಡಿದಳು. ಕೀಚ್. ಅವನ ಉಸಿರು ದೊಡ್ಡದಾಗಿ ಹೊರಬಿದ್ದದ್ದು ಅವಳಿಗೆ ಕೇಳಿಸಿತು.

"ಮೂವತ್ತಾರು ಪಾಯಿಂಟ್ ಒಂಬತ್ತು" ಎನ್ನುವಷ್ಟರಲ್ಲಿ ಅವನ ಧ್ವನಿ ಒಡೆಯಿತು. ಶಾಲೆಯ ಅಷ್ಟೂ ಮಕ್ಕಳನ್ನು ಒಂದು ಕೂಗಿಗೆ ಸುಮ್ಮನಿರಿಸುತ್ತಿದ್ದ ಮೇಷ್ಟ್ರು ಬೇಲಿಯ ಕಂಬ ಹಿಡಿದು ನಿಂತು ಬಿಕ್ಕಿದ.

"ಹೂಂ" ಎಂದಳು ಲೊವೀನಿಯಾ.

"ಏನು ಹೂಂ?"

"ಕೇಳಿದ್ಯಲ್ಲ, ಅದಕ್ಕೆ."

ಅವನು ಕಂಬ ಬಿಡಲಿಲ್ಲ. ಬಿಟ್ಟರೆ ಹಗ್ಗ ದಾಟಿಬಿಟ್ಟೇನು ಎಂಬ ಹೆದರಿಕೆ ಇತ್ತೇನೋ.

ಜಗಲಿಯಿಂದ ಓಲ್ಮಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹದಿನಾಲ್ಕನೇ ದಿನ ಸಂಜೆ ಕೋಲೂರಿಕೊಂಡು ಹಗ್ಗದ ತನಕ ಬಂದಳು.

"ಏನಯ್ಯಾ ಮೇಷ್ಟ್ರೇ."

"ಹೇಳಿ ಓಲ್ಮಾ."

"ಕೌದಿ ನಡುವೆ ಒಂದು ತುಂಡು ಕಡಿಮೆ ಬೀಳ್ತಿದೆ. ಪರದೆ ಮುಗೀತು, ನಿಲುವಂಗಿ ಮುಗೀತು. ಆವತ್ತು ಹಾಕ್ಕೊಂಡು ಬಂದಿದ್ಯಲ್ಲ ಬಿಳಿ ಶರ್ಟು, ಅದನ್ನ ಕೊಡು."

ಸಿಯಾಫಾ ಲೊವೀನಿಯಾಳ ಮುಖ ನೋಡಿದ. ಅವಳು ಸೂಜಿ ಹಿಡಿದವಳು ಹಾಗೇ ಕೂತಿದ್ದಳು.

"ಓಲ್ಮಾ, ಈ ಮನೆ ಕೌದಿಗೆ ಮನೆ ಬಟ್ಟೆ ಮಾತ್ರ ಅಲ್ವಾ?"

"ಹೌದು."

"ನನ್ನ ಶರ್ಟು ಹೊರಗಿನದಲ್ವಾ?"

ಓಲ್ಮಾ ಕೋಲಿನಿಂದ ಹಗ್ಗವನ್ನು ಒಮ್ಮೆ ತಟ್ಟಿದಳು. "ಮೂವತ್ತು ದಿನದಿಂದ ಹೊತ್ತಿಗೆ ಸರಿಯಾಗಿ ನನ್ನ ಅಂಗಳಕ್ಕೆ ಬಂದು ಅಕ್ಕಿ ಇಟ್ಟು ಹೋಗ್ತೀಯ. ಹೊರಗಿನವರು ಹಾಗೆ ಮಾಡ್ತಾರೇನಯ್ಯಾ? ಶರ್ಟು ತಂದು ಕೊರಡಿನ ಮೇಲಿಡು. ಇನ್ನೊಂದು ಮಾತು. ನಿಮ್ಮ ಚಿಕ್ಕಪ್ಪನಿಗೆ ಹೇಳು, ಈ ಸಲ ಕೋಲಾ ಬೀಜ ದಪ್ಪಂದು ನೋಡಿ ತರ್ಲಿ. ಹೋದ ಸಲ ಎರಡು ಹುಳುಕಿದ್ವು."

*

ಮತ್ತೊಂದು ಇಪ್ಪತ್ತೊಂದನೇ ದಿನ ಜನ ಸೇರಲಿಲ್ಲ. ಹೋದ ಸಲದ ಹೆದರಿಕೆ ಇನ್ನೂ ಆರಿರಲಿಲ್ಲ. ಪಾಸ್ಟರ್ ಮಾತ್ರ ರಸ್ತೆಯ ಆ ಬದಿಯಲ್ಲಿ ಛತ್ರಿ ಹಿಡಿದು ನಿಂತಿದ್ದರು.

ಮೂವತ್ತಾರು ಪಾಯಿಂಟ್ ಆರು. ಸಿಯಾಫಾ ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಒಂದು ಗೆರೆ ಎಳೆದ. ಹಗ್ಗದ ಗಂಟು ಮಳೆಗೆ ಬಿಗಿದುಕೊಂಡಿತ್ತು. ಉಗುರಿನಲ್ಲಿ ಕೆದಕಿ, ಹಲ್ಲಿನಲ್ಲಿ ಕಚ್ಚಿ ಬಿಚ್ಚಿದ. ಕೆಂಪು ಹಗ್ಗ ಕೆಸರಿಗೆ ಬಿತ್ತು.

ಲೊವೀನಿಯಾ ಜಗಲಿಯಿಂದ ಇಳಿದು ಬಂದಳು. ಅವಳ ಹೆಗಲ ಮೇಲೆ ಕೌದಿ. ನೇರಳೆ, ಹಸಿರು, ಹೂವಿನ ಪರದೆ. ನಡುಮಧ್ಯೆ ಬಿಳಿ ಶರ್ಟಿನ ತುಂಡು. ಓಲ್ಮಾ ಜೇಬನ್ನು ಕತ್ತರಿಸಿರಲಿಲ್ಲ, ಹಾಗೇ ಹೊಲಿದಿದ್ದಳು. ಮೂಲೆಯಲ್ಲಿ ಕೆಂಪು ಇಂಕಿನ ಕಲೆ.

"ಜೇಬು ಯಾಕೆ ಬಿಟ್ಟಿದ್ದು?" ಎಂದ.

"ಪೆನ್ನು ಇಟ್ಕೋಬೇಕಂತೆ ನೀನು, ಮಲಗೋವಾಗ."

ಅವನು ಬರಿಗೈ ಚಾಚಿದ. ಅವಳ ಕೈ ಬೆನ್ನ ಹಿಂದೆ ಹೋಗಲಿಲ್ಲ. ಆದರೂ ನಡುವೆ ಒಂದು ಕ್ಷಣ ತಡೆಯಿತು. ಮೂವತ್ತಾರು ದಿನದ ಅಭ್ಯಾಸ. ಆಮೇಲೆ ಅವಳ ಅಂಗೈ ಅವನ ಅಂಗೈಗೆ ತಾಗಿತು. ಬೆಚ್ಚಗಿತ್ತು, ಇಬ್ಬರದೂ. ಈ ಬಿಸಿಗೆ ಯಾರೂ ಹೆದರಬೇಕಾಗಿರಲಿಲ್ಲ. ಕುಲುಕಿದರು. ಬೆರಳು ಜಾರಿತು. ಏನೂ ಸದ್ದಾಗಲಿಲ್ಲ.

"ಕೇಳಿಸ್ಲಿಲ್ಲ!" ಜಗಲಿಯಿಂದ ಓಲ್ಮಾ ಕೂಗಿದಳು. "ನನಗೆ ಕಣ್ಣು ಮಂಜು, ಕಿವಿ ಅಲ್ಲ."

ಇಬ್ಬರೂ ನಕ್ಕರು. ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ, ಅವಳು ಕೌದಿಗೆ. ಮತ್ತೆ ಕೈ ಹಿಡಿದರು. ಕುಲುಕಿ, ಮೆಲ್ಲಗೆ ಜಾರಿಸಿ, ನಡುಬೆರಳಿಗೆ ನಡುಬೆರಳು ಸಿಕ್ಕಿಸಿ—

ಚಟ್.

ರಸ್ತೆಯ ಆ ಬದಿಯಲ್ಲಿ ಪಾಸ್ಟರ್ ಛತ್ರಿ ಮಡಚಿದರು.